ದೊಡ್ಡವರ ಅಗತ್ಯ, ಸಣ್ಣವರ ಪಟ್ಟು

1945ರ ಅಕ್ಟೋಬರ್ 1. ಎರಡನೇ ಮಹಾಯುದ್ಧ ಮುಗಿದು ಒಂದು ತಿಂಗಳಾಗಿತ್ತಷ್ಟೆ. ಐಸ್‌ಲ್ಯಾಂಡ್ ಗಣರಾಜ್ಯಕ್ಕೆ ಆಗಿನ್ನೂ ಹದಿನೈದು ತಿಂಗಳು. ಅಂದು ಅಮೆರಿಕ ಈ ಪುಟ್ಟ ದೇಶದ ಮುಂದೆ ಒಂದು ಬೇಡಿಕೆ ಇಟ್ಟಿತು. ಕೆಫ್ಲಾವಿಕ್‌ನ ವಿಮಾನ ನಿಲ್ದಾಣ, ರಾಜಧಾನಿ ರೇಕ್ಯಾವಿಕ್‌ಗೆ ಅಂಟಿಕೊಂಡ ಸ್ಕೆರ್ಯಾಫ್ಯೋರ್ಡುರ್ ಕೊಲ್ಲಿ, ಅದರಾಚೆಗಿನ ಹ್ವಾಲ್‌ಫ್ಯೋರ್ಡುರ್ ಕೊಲ್ಲಿಯ ನೌಕಾತಾಣ, ಈ ಮೂರನ್ನೂ ತನಗೆ ಗುತ್ತಿಗೆ ಕೊಡಬೇಕು ಎಂಬುದೇ ಆ ಬೇಡಿಕೆ. ಅವಧಿ ಒಂದೆರಡು ವರ್ಷದ್ದಲ್ಲ; 99 ವರ್ಷಗಳ ಮಾತು.

ಕೇಳಿದವರ ಕೈಯಲ್ಲಿ ಆಗಷ್ಟೇ ಸಿಕ್ಕ ಪರಮಾಣು ಬಾಂಬ್ ಇತ್ತು, ಜಗತ್ತಿನ ಅರ್ಧದಷ್ಟು ಕಾರ್ಖಾನೆಗಳಿದ್ದವು, ಎಲ್ಲ ಸಾಗರಗಳಲ್ಲಿ ಓಡಾಡುವ ನೌಕಾಪಡೆ ಇತ್ತು. ಕೇಳಿಸಿಕೊಂಡವರದು ಒಂದೂಕಾಲು ಲಕ್ಷ ಚಿಲ್ಲರೆ ಜನರ ದೇಶ. ಸೈನ್ಯ ಇಲ್ಲವೇ ಇಲ್ಲ. ಆದರೂ ರೇಕ್ಯಾವಿಕ್ ಒಪ್ಪಲಿಲ್ಲ. ಡೆನ್ಮಾರ್ಕ್‌ನ ದೊರೆಯಿಂದ ಬಿಡಿಸಿಕೊಂಡು ಬಂದ ನೆಲವನ್ನು ಒಂದು ಶತಮಾನದ ಮಟ್ಟಿಗೆ ಇನ್ನೊಬ್ಬರಿಗೆ ಬರೆದುಕೊಡಲು ಅಲ್ಲಿನ ಯಾವ ಪಕ್ಷಕ್ಕೂ ಧೈರ್ಯವಿರಲಿಲ್ಲ. ಬಹಳ ಜನಕ್ಕೆ ಮನಸ್ಸೂ ಇರಲಿಲ್ಲ.

ಆ ನಿರಾಕರಣೆಯಿಂದ ಮುಂದಿನ ಎಂಟು ದಶಕಗಳ ಕತೆ ಶುರುವಾಗುತ್ತದೆ. ದೊಡ್ಡ ಶಕ್ತಿಯೊಂದರ ಜತೆ ಯುರೋಪಿನ ಅತಿ ಚಿಕ್ಕ ಮಿತ್ರದೇಶವೊಂದು ಹೇಗೆ ಬಾಳಿತು, ಎಲ್ಲಿ ಬಾಗಿತು, ಎಲ್ಲಿ ಪಟ್ಟು ಹಿಡಿಯಿತು ಎಂಬುದಕ್ಕೆ ಐಸ್‌ಲ್ಯಾಂಡ್‌ನಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ಈ ಕತೆಯಲ್ಲಿ ಚಿಕ್ಕ ದೇಶಕ್ಕೆ ಬಲ ತಂದುಕೊಟ್ಟಿದ್ದು ಎರಡು ಸಂಗತಿ. ನಕ್ಷೆಯ ಮೇಲೆ ಅದು ಇರುವ ಜಾಗ ಒಂದು. ದೇಶದೊಳಗೆ ಎಂದೂ ತಣ್ಣಗಾಗದ ವಿರೋಧ ಇನ್ನೊಂದು. ಮೊದಲನೆಯದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಎರಡನೆಯದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಮೊದಲು ಜಾಗದ ವಿಷಯ. ಉತ್ತರ ಅಟ್ಲಾಂಟಿಕ್‌ನಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಬ್ರಿಟನ್ ನಡುವೆ ಐಸ್‌ಲ್ಯಾಂಡ್ ಕೂತಿದೆ. ರಷ್ಯಾದ ಉತ್ತರ ನೌಕಾಪಡೆಯ ಜಲಾಂತರ್ಗಾಮಿಗಳು ಕೋಲಾ ಪರ್ಯಾಯ ದ್ವೀಪದಿಂದ ಹೊರಟು ಅಟ್ಲಾಂಟಿಕ್ ಸೇರಬೇಕಾದರೆ ಐಸ್‌ಲ್ಯಾಂಡ್‌ನ ಎಡಕ್ಕೋ ಬಲಕ್ಕೋ ಇರುವ ನೀರಿನ ದಾರಿಯನ್ನೇ ಹಾಯಬೇಕು. ಅಮೆರಿಕದಿಂದ ಯುರೋಪಿಗೆ ಹಾರುವ ಸೇನಾ ವಿಮಾನಗಳಿಗೂ ನಡುದಾರಿಯ ತಂಗುದಾಣ ಇದೇ. 1868ರಷ್ಟು ಹಿಂದೆಯೇ ಅಮೆರಿಕದ ವಿದೇಶಾಂಗ ಇಲಾಖೆ ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್‌ಗಳ ಸಂಪನ್ಮೂಲಗಳ ಬಗ್ಗೆ ವರದಿಯೊಂದನ್ನು ಮುದ್ರಿಸಿತ್ತು. ಅಲಾಸ್ಕ ಕೊಂಡ ಮರುವರ್ಷ ಅದು; ಆ ಖರೀದಿ ನಡೆಸಿದ ವಿದೇಶಾಂಗ ಮಂತ್ರಿ ವಿಲಿಯಂ ಸೀವಾರ್ಡ್ ಕಣ್ಣು ಈ ದ್ವೀಪಗಳ ಮೇಲೂ ಬಿದ್ದಿತ್ತು.

1918ರಲ್ಲಿ ಡೆನ್ಮಾರ್ಕ್ ದೊರೆಯ ಅಡಿಯಲ್ಲೇ ಸಾರ್ವಭೌಮ ರಾಜ್ಯವಾದಾಗ ಐಸ್‌ಲ್ಯಾಂಡ್ ತಾನು ಶಾಶ್ವತವಾಗಿ ತಟಸ್ಥ ಎಂದು ಘೋಷಿಸಿಕೊಂಡಿತ್ತು. ಅದು ಬರೀ ಬಾಯಿಮಾತಾಗಿರಲಿಲ್ಲ. 1939ರಲ್ಲಿ ಜರ್ಮನಿ ತನ್ನ ವಿಮಾನಗಳಿಗೆ ಇಳಿಯುವ ಹಕ್ಕು ಕೇಳಿದಾಗ ಪ್ರಧಾನಿ ಹರ್ಮನ್ ಯೋನಾಸನ್ ಇಲ್ಲವೆಂದಿದ್ದರು. ಹಿಟ್ಲರನ ಹೆಸರು ಕೇಳಿ ಯುರೋಪಿನ ದೊಡ್ಡ ದೊಡ್ಡ ರಾಜಧಾನಿಗಳು ತಗ್ಗುತ್ತಿದ್ದ ವರ್ಷ ಅದು. 1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕನ್ನು ನುಂಗಿತು. ಒಂದು ತಿಂಗಳ ನಂತರ, ಮೇ 10ರ ಬೆಳಗಿನ ಜಾವ, ಬ್ರಿಟಿಷ್ ಯುದ್ಧನೌಕೆಗಳು ಕೇಳದೆ ಹೇಳದೆ ರೇಕ್ಯಾವಿಕ್ ಬಂದರಿಗೆ ಬಂದವು. ಐಸ್‌ಲ್ಯಾಂಡ್ ಸರ್ಕಾರ ಪ್ರತಿಭಟನೆ ದಾಖಲಿಸಿತು, ಪ್ರಜೆಗಳಿಗೆ ಮಾತ್ರ ಬಂದವರನ್ನು ಅತಿಥಿಗಳಂತೆ ನೋಡಿಕೊಳ್ಳಿ ಎಂದಿತು. ಬೇರೆ ದಾರಿ ಇರಲಿಲ್ಲ.

1941ರ ಜುಲೈಯಲ್ಲಿ ಬ್ರಿಟಿಷರ ಜಾಗಕ್ಕೆ ಅಮೆರಿಕನ್ನರು ಬಂದರು. ಅಮೆರಿಕ ಆಗ ಯುದ್ಧದಲ್ಲೇ ಇರಲಿಲ್ಲ. ಪರ್ಲ್ ಹಾರ್ಬರ್ ದಾಳಿಗೆ ಇನ್ನೂ ಐದು ತಿಂಗಳಿತ್ತು. ಈ ಸಲ ಐಸ್‌ಲ್ಯಾಂಡ್ ತನ್ನ ಷರತ್ತುಗಳನ್ನು ಬರೆದು ರೂಸ್‌ವೆಲ್ಟ್‌ಗೆ ಕಳಿಸಿತು. ಯುದ್ಧ ಮುಗಿದ ಕೂಡಲೇ ಸೈನಿಕರು ಹಿಂತಿರುಗಬೇಕು, ದೇಶದ ಸ್ವಾತಂತ್ರ್ಯವನ್ನು ಮಾನ್ಯ ಮಾಡಬೇಕು, ಆಡಳಿತದಲ್ಲಿ ತಲೆ ಹಾಕಬಾರದು, ವ್ಯಾಪಾರದಲ್ಲಿ ಅನುಕೂಲ ಮಾಡಿಕೊಡಬೇಕು. ರೂಸ್‌ವೆಲ್ಟ್ ಒಪ್ಪಿದರು. ಮುಂದೆ ಎಷ್ಟೋ ಸಲ ಆಡಬೇಕಾಗಿ ಬಂದ ಆಟದ ಮೊದಲ ವರಸೆಯನ್ನು ಐಸ್‌ಲ್ಯಾಂಡ್ ಇಲ್ಲಿ ಕಲಿಯಿತು. ತಡೆಯಲು ಆಗದ್ದನ್ನು ತಡೆಯಲು ಹೋಗಲಿಲ್ಲ; ಆಗುವುದಕ್ಕೆ ತಾನೇ ಷರತ್ತು ಬರೆಯಿತು.

ಒಂದು ಹಂತದಲ್ಲಿ ವಿದೇಶಿ ಸೈನಿಕರ ಸಂಖ್ಯೆ 40,000 ದಾಟಿತು. ಮೂರು ಐಸ್‌ಲ್ಯಾಂಡಿಗರಿಗೆ ಒಬ್ಬ ಸೈನಿಕ ಎಂಬಷ್ಟು. ರಸ್ತೆ, ವಿಮಾನ ನಿಲ್ದಾಣ, ಕೂಲಿ ಕೆಲಸ ಎಲ್ಲ ಒಮ್ಮೆಲೇ ಬಂದವು. ಬಡ ಮೀನುಗಾರರ ದ್ವೀಪ ಯುದ್ಧದ ಹೊತ್ತಿನಲ್ಲೇ ಹಣ ಕಂಡಿತು. ಜತೆಗೆ ಮರೆಯಬಾರದ ಇನ್ನೊಂದು ಸಂಗತಿಯೂ ನಡೆಯಿತು. ಸೈನಿಕರ ಜತೆ ಓಡಾಡಿದರೆಂದು ಹದಿಹರೆಯದ ಹುಡುಗಿಯರ ಮೇಲೆ ಸರ್ಕಾರವೇ ಕಣ್ಗಾವಲು ಇಟ್ಟಿತು, ಕೆಲವರನ್ನು ದೂರದ ಹಳ್ಳಿಯೊಂದರ ಸುಧಾರಣಾಗೃಹಕ್ಕೆ ಸಾಗಿಸಿತು. ದೊಡ್ಡ ದೇಶದ ಸೈನ್ಯವನ್ನು ಪ್ರಶ್ನಿಸಲಾಗದ ಆಡಳಿತ ತನ್ನ ಹೆಣ್ಣುಮಕ್ಕಳ ಮೇಲೆ ಕೈ ಮಾಡಿತು. ಸೇನಾನೆಲೆಗಳ ಲೆಕ್ಕ ಬರೆಯುವವರು ಬಾಡಿಗೆ, ಕೂಲಿ, ಡಾಲರ್ ಎಲ್ಲ ಬರೆಯುತ್ತಾರೆ. ಈ ಹುಡುಗಿಯರ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

1944ರ ಜೂನ್ 17ರಂದು, ಹತ್ತನೇ ಶತಮಾನದಿಂದ ಆಲ್ಥಿಂಗ್ ಸಂಸತ್ತು ಸೇರುತ್ತಿದ್ದ ಥಿಂಗ್‌ವೆಲ್ಲಿರ್ ಬಯಲಿನಲ್ಲಿ ಮಳೆಯ ನಡುವೆ ಗಣರಾಜ್ಯ ಘೋಷಣೆಯಾಯಿತು. ಮರುವರ್ಷವೇ ಆ 99 ವರ್ಷಗಳ ಬೇಡಿಕೆ. ಅದನ್ನು ತಳ್ಳಿಹಾಕಿದ ಮೇಲೆ 1946ರಲ್ಲಿ ಒಂದು ಮಧ್ಯದ ದಾರಿ ಸಿಕ್ಕಿತು: ಅಮೆರಿಕನ್ ಸೈನಿಕರು ಹೋಗಬೇಕು, ಕೆಫ್ಲಾವಿಕ್ ನಿಲ್ದಾಣವನ್ನು ಅಮೆರಿಕದ ನಾಗರಿಕ ಸಿಬ್ಬಂದಿ ನಡೆಸಬಹುದು, ಜರ್ಮನಿಗೆ ಹಾರುವ ಸೇನಾ ವಿಮಾನಗಳು ಅಲ್ಲಿ ಇಳಿಯಬಹುದು. ಇಷ್ಟಕ್ಕೇ ಓಲಾಫುರ್ ಥೋರ್ಸ್ ಅವರ ಸಮ್ಮಿಶ್ರ ಸರ್ಕಾರದಿಂದ ಸಮಾಜವಾದಿಗಳು ಹೊರನಡೆದರು, ಸರ್ಕಾರ ಬಿತ್ತು. 1948ರಲ್ಲಿ ಹಾಲ್ದೋರ್ ಲಾಕ್ಸ್‌ನೆಸ್ ಈ ವಿವಾದವನ್ನೇ ಹಿನ್ನೆಲೆಯಾಗಿಟ್ಟುಕೊಂಡು ‘ಅಟಾಮಿಕ್ ಸ್ಟೇಷನ್’ ಕಾದಂಬರಿ ಬರೆದರು. ಏಳು ವರ್ಷಗಳ ಬಳಿಕ ಅವರಿಗೆ ನೊಬೆಲ್ ಬಂತು.

1949ರ ಮಾರ್ಚ್ 30. ನ್ಯಾಟೊ ಕೂಟಕ್ಕೆ ಸೇರುವ ನಿರ್ಣಯ ಆಲ್ಥಿಂಗ್ ಮುಂದಿತ್ತು. ಸಂಸತ್ ಭವನದ ಎದುರಿನ ಆಸ್ಟುರ್‌ವೋಲ್ಲುರ್ ಚೌಕದಲ್ಲಿ ಸಾವಿರಾರು ಜನ. ಕಲ್ಲು ತೂರಾಟ, ಒಡೆದ ಕಿಟಕಿ ಗಾಜು, ಅಶ್ರುವಾಯು. ಇಷ್ಟು ಶಾಂತವಾದ ದೇಶದಲ್ಲಿ ಅಂಥದ್ದು ನಡೆದಿದ್ದನ್ನು ಜನ ದಶಕಗಳ ಕಾಲ ಮರೆಯಲಿಲ್ಲ. ನಿರ್ಣಯ 37-13 ಮತಗಳಿಂದ ಗೆದ್ದಿತು. ವಿದೇಶಾಂಗ ಮಂತ್ರಿ ಬ್ಯಾರ್ನಿ ಬೆನೆಡಿಕ್ಟ್‌ಸನ್ ವಾಷಿಂಗ್ಟನ್‌ನಲ್ಲಿ ಸಹಿ ಹಾಕಿದರು. ಅದಕ್ಕೂ ಮೊದಲೇ ಮೂವರು ಮಂತ್ರಿಗಳು ಅಲ್ಲಿಗೆ ಹೋಗಿ ಡೀನ್ ಅಚೆಸನ್ ಅವರಿಂದ ಎರಡು ಭರವಸೆ ಪಡೆದಿದ್ದರು: ಐಸ್‌ಲ್ಯಾಂಡ್ ಸೈನ್ಯ ಕಟ್ಟಬೇಕಿಲ್ಲ, ಶಾಂತಿ ಇರುವಾಗ ಅದರ ನೆಲದ ಮೇಲೆ ವಿದೇಶಿ ಪಡೆ ಇರುವುದಿಲ್ಲ. ಹೀಗೆ ಸೇನಾ ಕೂಟವೊಂದರ ಸ್ಥಾಪಕ ಸದಸ್ಯರಲ್ಲಿ ಸೈನ್ಯವೇ ಇಲ್ಲದ ದೇಶವೊಂದು ಸೇರಿತು. ಇವತ್ತಿಗೂ ಅದಕ್ಕೆ ಸೈನ್ಯವಿಲ್ಲ. ಕರಾವಳಿ ಕಾವಲು ಪಡೆ ಮಾತ್ರ.

ಎರಡನೇ ಭರವಸೆ ಎರಡು ವರ್ಷ ಬಾಳಿತು. ಕೊರಿಯಾ ಯುದ್ಧ ಶುರುವಾಗಿತ್ತು. 1951ರ ಮೇ 5ರಂದು ರಕ್ಷಣಾ ಒಪ್ಪಂದಕ್ಕೆ ಸಹಿ ಬಿತ್ತು, ಎರಡು ದಿನದಲ್ಲಿ ಅಮೆರಿಕದ ಪಡೆ ಕೆಫ್ಲಾವಿಕ್‌ನಲ್ಲಿ ಇಳಿಯಿತು. ಮಾತುಕತೆ ಗುಟ್ಟಾಗಿ ನಡೆದಿತ್ತು. ಸಮಾಜವಾದಿ ಸದಸ್ಯರನ್ನು ಹೊರಗಿಟ್ಟು ಉಳಿದ ಪಕ್ಷಗಳ ಸಂಸದರಿಗೆ ಮಾತ್ರ ವಿಷಯ ತಿಳಿಸಲಾಗಿತ್ತು. ಸೈನಿಕರು ಬಂದಿಳಿದ ಮೇಲೆ ಸಂಸತ್ತು ಅದನ್ನು ಅನುಮೋದಿಸಿತು.

ಇಂಥ ಅವಸರಕ್ಕೆ ಬೆಲೆ ತೆರದೆ ಆಗಲಿಲ್ಲ. ಜನರ ಅಸಮಾಧಾನ ಹೆಚ್ಚಿದಂತೆ ಸರ್ಕಾರ ಅಮೆರಿಕದ ಮೇಲೆ ನಿರ್ಬಂಧಗಳನ್ನು ಹೇರುತ್ತ ಹೋಯಿತು. ನೆಲೆಯ ಸುತ್ತ ಬೇಲಿ ಬಂತು. ಸೈನಿಕರು ರಾಜಧಾನಿಗೆ ಬರುವುದಕ್ಕೆ ಸಮಯದ ಮಿತಿ ಬಂತು. ಕಟ್ಟಡ ಕೆಲಸ ಅಮೆರಿಕನ್ ಗುತ್ತಿಗೆದಾರರಿಂದ ಐಸ್‌ಲ್ಯಾಂಡಿನ ಕಂಪನಿಗಳ ಕೂಟವೊಂದಕ್ಕೆ ಹೋಯಿತು. ಅದರ ಲಾಭ ಆಳುವ ಪಕ್ಷಗಳಿಗೆ ಹತ್ತಿರದವರ ಕೈ ಸೇರಿತೆಂಬ ದೂರು ಬಹಳ ಕಾಲ ಉಳಿಯಿತು. ಅತ್ಯಂತ ನಾಚಿಕೆಗೇಡಿನ ನಿರ್ಬಂಧ ಮಾತ್ರ ಯಾರಿಗೂ ಕಾಣದಂತೆ ನಡೆಯಿತು. ಕಪ್ಪು ಸೈನಿಕರನ್ನು ತಮ್ಮಲ್ಲಿಗೆ ಕಳಿಸಬೇಡಿ ಎಂದು ಐಸ್‌ಲ್ಯಾಂಡ್ ಗುಟ್ಟಾಗಿ ಕೇಳಿತು, ಅಮೆರಿಕ ಗುಟ್ಟಾಗಿಯೇ ಒಪ್ಪಿತು. ಸೇನೆಯಲ್ಲಿ ವರ್ಣಭೇದ ನಿಲ್ಲಬೇಕೆಂದು ಅಧ್ಯಕ್ಷ ಟ್ರೂಮನ್ 1948ರಲ್ಲೇ ಆದೇಶ ಹೊರಡಿಸಿದ್ದರು. ತನ್ನದೇ ಆದೇಶವನ್ನು ಬದಿಗಿಟ್ಟು ದೊಡ್ಡ ದೇಶ ಚಿಕ್ಕ ದೇಶದ ಮನಸ್ಸು ಕಾಯ್ದ ಅಪರೂಪದ ಸಂದರ್ಭ ಇದು. ಸಣ್ಣವರ ಪಟ್ಟು ಯಾವಾಗಲೂ ನ್ಯಾಯದ ಪರವೇ ಇರುತ್ತದೆ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ನೆಲೆಯ ಟೆಲಿವಿಷನ್ ಮತ್ತೊಂದು ಜಗಳ ತಂದಿತು. ಸೈನಿಕರಿಗಾಗಿ 1955ರಲ್ಲಿ ಶುರುವಾದ ಪ್ರಸಾರ ರೇಕ್ಯಾವಿಕ್‌ನ ಮನೆಗಳಿಗೂ ಸಿಗತೊಡಗಿತು. ಐಸ್‌ಲ್ಯಾಂಡಿಗೆ ಆಗ ಸ್ವಂತ ಟಿ.ವಿ. ಇರಲಿಲ್ಲ. ಅಮೆರಿಕನ್ ಧಾರಾವಾಹಿ ನೋಡುತ್ತ ಮಕ್ಕಳು ಬೆಳೆಯುತ್ತಿದ್ದಾರೆ, ಎರಡು ಲಕ್ಷ ಜನ ಆಡುವ ಭಾಷೆ ಎಷ್ಟು ದಿನ ತಡೆದೀತು ಎಂದು 1964ರಲ್ಲಿ 60 ಮಂದಿ ಗಣ್ಯರು, ಬರಹಗಾರರು ಸರ್ಕಾರಕ್ಕೆ ಮನವಿ ಕೊಟ್ಟರು. 1966ರಲ್ಲಿ ದೇಶದ್ದೇ ಟಿ.ವಿ. ಬಂತು. ಹಳೆಯ ಸಾಹಿತ್ಯವನ್ನು ಇಂದಿಗೂ ಓದಿ ಅರ್ಥ ಮಾಡಿಕೊಳ್ಳಬಲ್ಲ ಜನ ತಮ್ಮ ಭಾಷೆಗಾಗಿ ಪಟ್ಟ ಆತಂಕ ಅತಿಯಾದುದಲ್ಲ. ವಿದೇಶಿ ಸೈನ್ಯದ ವಿರುದ್ಧ ಅವರು ಹೂಡಿದ ಅತಿ ಯಶಸ್ವಿ ಹೋರಾಟ ಬಹುಶಃ ಅದೇ.

ಈಗ ಮೀನಿನ ವಿಷಯಕ್ಕೆ ಬರೋಣ. ಈ ಸಂಬಂಧದ ನಿಜವಾದ ಪರೀಕ್ಷೆ ನಡೆದಿದ್ದು ಸೇನಾನೆಲೆಯಲ್ಲಲ್ಲ, ಸಮುದ್ರದಲ್ಲಿ.

ಐಸ್‌ಲ್ಯಾಂಡಿನ ರಫ್ತಿನಲ್ಲಿ ಬಹುಪಾಲು ಮೀನಾಗಿತ್ತು, ಅದರಲ್ಲೂ ಕಾಡ್ ಮೀನು. ಬ್ರಿಟನ್‌ನ ಹಲ್, ಗ್ರಿಮ್ಸ್‌ಬಿ ಬಂದರುಗಳ ಟ್ರಾಲರ್‌ಗಳು ಅದೇ ನೀರಿಗೆ ಬಂದು ಬಲೆ ಎಳೆಯುತ್ತಿದ್ದವು. 1952ರಲ್ಲಿ ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆ ಗಡಿಯನ್ನು ನಾಲ್ಕು ನಾಟಿಕಲ್ ಮೈಲಿಗೆ ಚಾಚಿದಾಗ ಬ್ರಿಟಿಷ್ ವ್ಯಾಪಾರಿಗಳು ಐಸ್‌ಲ್ಯಾಂಡ್ ಮೀನು ಇಳಿಸದಂತೆ ತಡೆದರು. ಮಾರುಕಟ್ಟೆ ಹೋಯಿತು. ಆಗ ಮುಂದೆ ಬಂದದ್ದು ಸೋವಿಯತ್ ಒಕ್ಕೂಟ. 1953ರಿಂದ ಮೀನಿಗೆ ಬದಲಾಗಿ ತೈಲ ಎಂಬ ವಿನಿಮಯ ಶುರುವಾಯಿತು. ಸೋವಿಯತ್ ಜಲಾಂತರ್ಗಾಮಿಗಳನ್ನು ಕಾಯುವ ಅಮೆರಿಕನ್ ನೆಲೆ ಒಂದು ಕಡೆ, ಸೋವಿಯತ್ ತೈಲದ ಮೇಲೆ ಓಡುವ ಮೀನುಗಾರಿಕೆ ದೋಣಿಗಳು ಇನ್ನೊಂದು ಕಡೆ. ವಾಷಿಂಗ್ಟನ್ ಇದನ್ನು ನೋಡಿ ಗಾಬರಿಯಾಯಿತು, ಮತ್ತು ಆ ಗಾಬರಿ ರೇಕ್ಯಾವಿಕ್‌ಗೆ ಅನುಕೂಲವಾಯಿತು. 1956ರಲ್ಲಿ ಸಂಸತ್ತು ಸೇನಾನೆಲೆ ತೆರವಾಗಬೇಕೆಂದು ನಿರ್ಣಯ ಮಾಡಿತು; ಹಂಗೇರಿಯ ಮೇಲೆ ಸೋವಿಯತ್ ದಾಳಿಯಾದ ಮೇಲೆ ವರ್ಷಾಂತ್ಯಕ್ಕೆ ಅದನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ಅಮೆರಿಕದಿಂದ ಸಾಲವೂ ಬಂತು. ಮಾರ್ಷಲ್ ಯೋಜನೆಯಲ್ಲೂ ತಲಾವಾರು ಲೆಕ್ಕದಲ್ಲಿ ಅತಿ ಹೆಚ್ಚು ನೆರವು ಪಡೆದದ್ದು ಯುದ್ಧದಲ್ಲಿ ಬಾಂಬಿಗೆ ಸುಟ್ಟುಹೋಗದ ಐಸ್‌ಲ್ಯಾಂಡೇ.

ಗಡಿ ಬೆಳೆಯುತ್ತಲೇ ಹೋಯಿತು: 1958ರಲ್ಲಿ 12 ಮೈಲಿ, 1972ರಲ್ಲಿ 50, 1975ರಲ್ಲಿ 200. ಪ್ರತಿ ಸಲವೂ ಬ್ರಿಟನ್ ಒಪ್ಪಲಿಲ್ಲ, ಪ್ರತಿ ಸಲವೂ ತನ್ನ ಟ್ರಾಲರ್‌ಗಳ ಕಾವಲಿಗೆ ಯುದ್ಧನೌಕೆ ಕಳಿಸಿತು. ಕಾಡ್ ಯುದ್ಧಗಳು ಎಂದು ಹೆಸರಾದ ಈ ಮೂರು ಸಂಘರ್ಷಗಳಲ್ಲಿ ಐಸ್‌ಲ್ಯಾಂಡಿನ ಕಡೆ ಇದ್ದದ್ದು ಬೆರಳೆಣಿಕೆಯ ಕಾವಲು ಹಡಗುಗಳು. ಕೊನೆಯ ಎರಡರಲ್ಲಿ ಅವುಗಳ ಅಸ್ತ್ರ ಸರಳ: ಹಿಂದೆ ಎಳೆದುಕೊಂಡು ಹೋಗುವ ಉಕ್ಕಿನ ಕೊಕ್ಕೆ. ಟ್ರಾಲರ್‌ನ ಹಿಂದೆ ಅಡ್ಡ ಹಾಯ್ದು ಬಲೆಯ ತಂತಿಯನ್ನು ಕತ್ತರಿಸಿಬಿಟ್ಟರೆ ಮೀನೂ ಹೋಯಿತು, ದುಬಾರಿ ಬಲೆಯೂ ಹೋಯಿತು. 1972ರ ಸೆಪ್ಟೆಂಬರ್‌ನಲ್ಲಿ ‘ಐಯಿರ್’ ಎಂಬ ಹಡಗು ಇದನ್ನು ಮೊದಲ ಬಾರಿ ಬಳಸಿತು. ಬ್ರಿಟಿಷ್ ಯುದ್ಧನೌಕೆಗಳು ಡಿಕ್ಕಿ ಹೊಡೆದು ತಡೆಯುವುದು, ಇವು ನುಣುಚಿಕೊಂಡು ಮತ್ತೆ ತಂತಿ ಕತ್ತರಿಸುವುದು, ಇದೇ ನಡೆಯಿತು. ಇಷ್ಟೆಲ್ಲದರ ನಡುವೆ ಹೋದ ಜೀವ ಒಂದು: 1973ರಲ್ಲಿ ಡಿಕ್ಕಿಯಿಂದ ಹಾನಿಗೊಂಡ ಹಡಗನ್ನು ರಿಪೇರಿ ಮಾಡುವಾಗ ವಿದ್ಯುತ್ ತಗುಲಿ ಐಸ್‌ಲ್ಯಾಂಡಿನ ಎಂಜಿನಿಯರ್ ಒಬ್ಬರು ತೀರಿಕೊಂಡರು.

ಅಮೆರಿಕ ಈ ಜಗಳದಲ್ಲಿ ಪಕ್ಷಗಾರನಲ್ಲ. ಆದರೂ ಅಂತಿಮವಾಗಿ ತೀರ್ಮಾನವಾದದ್ದು ಅದರ ಅಗತ್ಯದಿಂದಲೇ. ಐಸ್‌ಲ್ಯಾಂಡಿನ ನಾಯಕರು ಪ್ರತಿ ಸಲವೂ ಒಂದೇ ಮಾತು ಹೇಳಿದರು: ನ್ಯಾಟೊದ ಸದಸ್ಯನೇ ನಮ್ಮ ಮೇಲೆ ಹಡಗು ನುಗ್ಗಿಸುತ್ತಿರುವಾಗ ನ್ಯಾಟೊದಲ್ಲಿ ಇರಬೇಕೆಂದು ಜನರಿಗೆ ಹೇಗೆ ಹೇಳುವುದು? ಕೆಫ್ಲಾವಿಕ್ ನೆಲೆಯನ್ನು ಹೇಗೆ ಉಳಿಸಿಕೊಳ್ಳುವುದು? ಇದು ನಾಟಕವಾಗಿರಲಿಲ್ಲ. 1971ರಿಂದ 1974ರವರೆಗೆ ಆಳಿದ ಓಲಾಫುರ್ ಯೋಹಾನೆಸನ್ ಅವರ ಎಡಪಂಥೀಯ ಸರ್ಕಾರ ನೆಲೆಯನ್ನು ಖಾಲಿ ಮಾಡಿಸುವುದಾಗಿ ಹೇಳಿಯೇ ಬಂದಿತ್ತು. 1960ರಿಂದ ಕೆಫ್ಲಾವಿಕ್‌ನಿಂದ ರೇಕ್ಯಾವಿಕ್‌ವರೆಗೆ ಸುಮಾರು 50 ಕಿಲೊಮೀಟರ್ ನಡೆದು ಪ್ರತಿಭಟಿಸುವ ಮೆರವಣಿಗೆಗಳು ನಡೆಯುತ್ತಿದ್ದವು. ಬೀದಿಯಲ್ಲಿ ನಡೆದ ಆ ಶಿಕ್ಷಕರು, ವಿದ್ಯಾರ್ಥಿಗಳು, ಕವಿಗಳು ತಮ್ಮ ಗುರಿ ಮುಟ್ಟಲಿಲ್ಲ, ಸೈನ್ಯ ಹೋಗಲಿಲ್ಲ. ಆದರೆ ಅವರು ಇದ್ದುದರಿಂದಲೇ ಅವರನ್ನು ಒಪ್ಪದ ಮಂತ್ರಿಗಳ ಮಾತಿಗೂ ವಾಷಿಂಗ್ಟನ್‌ನಲ್ಲಿ ತೂಕ ಬಂತು. ಮನೆಯಲ್ಲಿ ವಿರೋಧವೇ ಇಲ್ಲದ ಸರ್ಕಾರಕ್ಕೆ ‘ನಮ್ಮ ಜನ ಒಪ್ಪುವುದಿಲ್ಲ’ ಎಂದು ಹೇಳುವ ಅವಕಾಶವಾದರೂ ಎಲ್ಲಿ?

ಇನ್ನೊಂದು ಬದಿಯ ಜನರೂ ಸುಮ್ಮನಿರಲಿಲ್ಲ ಎಂಬುದನ್ನು ಹೇಳಬೇಕು. 1974ರಲ್ಲಿ ನೆಲೆ ಉಳಿಯಲಿ ಎಂಬ ಮನವಿಗೆ 55,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆಗಿನ ಜನಸಂಖ್ಯೆ ಎರಡು ಲಕ್ಷದ ಸ್ವಲ್ಪ ಮೇಲೆ. ಅಂದರೆ ಮತದಾರರಲ್ಲಿ ದೊಡ್ಡ ಪಾಲು. ಊಟದ ಮೇಜಿನ ಸುತ್ತ ಅಣ್ಣ ತಮ್ಮಂದಿರು ಎರಡು ಬಣವಾಗಿದ್ದ ವರ್ಷಗಳವು.

1973ರ ಮೇ ಕೊನೆಯಲ್ಲಿ ನಿಕ್ಸನ್ ಮತ್ತು ಫ್ರಾನ್ಸ್‌ನ ಪಾಂಪಿಡೂ ಶೃಂಗಸಭೆಗೆ ರೇಕ್ಯಾವಿಕ್‌ಗೆ ಬಂದರು. ಜಗತ್ತಿನ ದೊಡ್ಡ ವಿಷಯಗಳನ್ನು ಮಾತಾಡಲು ಬಂದವರಿಗೆ ಆತಿಥೇಯ ಸರ್ಕಾರ ಹಿಡಿದು ಕೂರಿಸಿ ಹೇಳಿದ್ದು ಕಾಡ್ ಮೀನಿನ ಕತೆ. ಜತೆಗಿದ್ದ ಹೆನ್ರಿ ಕಿಸಿಂಜರ್ ಆ ಬೆರಗನ್ನು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಎರಡು ಲಕ್ಷ ಜನ ಐದು ಕೋಟಿ ಜನರ ದೇಶಕ್ಕೆ ಎದುರು ನಿಂತಿದ್ದು ಅವರ ಲೆಕ್ಕಾಚಾರದ ಒಳಗೆ ಹಿಡಿಯುವ ಸಂಗತಿಯಾಗಿರಲಿಲ್ಲ.

1976ರ ಫೆಬ್ರುವರಿ 19ರಂದು ಐಸ್‌ಲ್ಯಾಂಡ್ ಬ್ರಿಟನ್ ಜತೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ನ್ಯಾಟೊದ ಇಬ್ಬರು ಸದಸ್ಯರ ನಡುವೆ ಅಂಥದ್ದು ಹಿಂದೆಂದೂ ನಡೆದಿರಲಿಲ್ಲ. ನ್ಯಾಟೊ ಮಹಾ ಕಾರ್ಯದರ್ಶಿ ಜೋಸೆಫ್ ಲುನ್ಸ್ ಓಡಾಡಿದರು. ಜೂನ್‌ನಲ್ಲಿ ಓಸ್ಲೊದಲ್ಲಿ ಒಪ್ಪಂದವಾಯಿತು: ಒಂದು ಸಲಕ್ಕೆ 24 ಬ್ರಿಟಿಷ್ ಟ್ರಾಲರ್‌ಗಳಿಗೆ ಮಾತ್ರ ಅವಕಾಶ, ಅದೂ ಆರು ತಿಂಗಳ ಮಟ್ಟಿಗೆ. ಆಮೇಲೆ 200 ಮೈಲಿ ಪೂರ್ತಿ ಐಸ್‌ಲ್ಯಾಂಡಿನದು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕವೇ ತನ್ನ ಕರಾವಳಿಗೆ 200 ಮೈಲಿ ಮೀನುಗಾರಿಕೆ ವಲಯದ ಕಾಯ್ದೆ ಮಾಡಿಕೊಂಡಿತು. ಚಿಕ್ಕ ದೇಶ ಕಾನೂನುಬಾಹಿರವಾಗಿ ಕೇಳುತ್ತಿದೆ ಎಂದು ಅಂದುಕೊಂಡಿದ್ದನ್ನು ಕೆಲವೇ ವರ್ಷಗಳಲ್ಲಿ ಇಡೀ ಜಗತ್ತು ಕಾನೂನಾಗಿ ಒಪ್ಪಿಕೊಂಡಿತು. ಸೋತವರು ಲಂಡನ್ನಿನ ಕಚೇರಿಯವರಲ್ಲ ಎಂಬುದೂ ನಿಜ. ಹಲ್ ಮತ್ತು ಗ್ರಿಮ್ಸ್‌ಬಿಯ ಬಂದರುಗಳಲ್ಲಿ ಸಾವಿರಾರು ಮನೆಗಳ ದುಡಿಮೆ ನಿಂತಿತು. ಆ ಊರುಗಳು ಮತ್ತೆ ಹಾಗೆ ತಲೆ ಎತ್ತಲಿಲ್ಲ.

1980ರ ದಶಕದ ಒಂದು ಪುಟ್ಟ ಜಗಳ ಈ ಸಂಬಂಧದ ಗುಣವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಕೆಫ್ಲಾವಿಕ್ ನೆಲೆಗೆ ಬರುವ ಸರಕನ್ನು ಬಹಳ ಕಾಲದಿಂದ ಐಸ್‌ಲ್ಯಾಂಡಿನ ಹಡಗುಗಳೇ ತರುತ್ತಿದ್ದವು. 1984ರಲ್ಲಿ ಅಮೆರಿಕದ ಒಂದು ಕಂಪನಿ ಒಂದೇ ಒಂದು ಹಡಗಿನೊಡನೆ ಆ ದಾರಿಗೆ ಇಳಿಯಿತು. ಸೇನಾ ಸರಕು ಅಮೆರಿಕದ ಹಡಗಿನಲ್ಲೇ ಹೋಗಬೇಕು ಎನ್ನುವ 1904ರ ಹಳೆಯ ಕಾಯ್ದೆಯೊಂದಿತ್ತು. ಅದರ ಬಲದಿಂದ ಸರಕೆಲ್ಲ ಆ ಕಂಪನಿಯ ಪಾಲಾಯಿತು. ಐಸ್‌ಲ್ಯಾಂಡ್ ಕೆರಳಿತು. ಒಂದು ಹಡಗಿನ ಬಾಡಿಗೆಗಾಗಿ ವಿದೇಶಾಂಗ ಮಂತ್ರಿಗಳ ಮಟ್ಟದಲ್ಲಿ ಎರಡು ವರ್ಷ ಪತ್ರ ವ್ಯವಹಾರ, ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ. ಕೊನೆಗೆ 1986ರ ಸೆಪ್ಟೆಂಬರ್‌ನಲ್ಲಿ, ಸರಕನ್ನು ಎರಡೂ ದೇಶಗಳ ಹಡಗುಗಳು ಹಂಚಿಕೊಳ್ಳುವಂತೆ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನೇ ಮಾಡಬೇಕಾಯಿತು. ಅದಾದ ಮೂರು ವಾರದೊಳಗೆ ರೇಗನ್ ಮತ್ತು ಗೊರ್ಬಚೆವ್ ರೇಕ್ಯಾವಿಕ್‌ನ ಹೊಫ್ದಿ ಮನೆಯಲ್ಲಿ ಎದುರುಬದುರು ಕೂತರು. ಆಗ ಪ್ರಧಾನಿಯಾಗಿದ್ದವರು ಸ್ಟೈನ್‌ಗ್ರಿಮುರ್ ಹರ್ಮನ್ಸನ್. 1941ರಲ್ಲಿ ರೂಸ್‌ವೆಲ್ಟ್‌ಗೆ ಷರತ್ತು ಬರೆದ ಹರ್ಮನ್ ಯೋನಾಸನ್ ಅವರ ಮಗ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಪಟ್ಟು ಸಡಿಲವಾಯಿತು. ಹಿಡಿದವರ ಕೈ ಸೋತದ್ದಲ್ಲ. ಎದುರಿಗೆ ಎಳೆಯುವವರೇ ಇರಲಿಲ್ಲ. ಯುದ್ಧವಿಮಾನಗಳ ಸಂಖ್ಯೆ ನಾಲ್ಕಕ್ಕೆ ಇಳಿಯಿತು. ಅವನ್ನೂ ಒಯ್ಯುವ ಮಾತು 2003ರಲ್ಲಿ ಬಂತು; ಅದೇ ವರ್ಷ ಇರಾಕ್ ಯುದ್ಧ ಬೆಂಬಲಿಸುವ ದೇಶಗಳ ಪಟ್ಟಿಯಲ್ಲಿ ಐಸ್‌ಲ್ಯಾಂಡಿನ ಹೆಸರು ಕಾಣಿಸಿತು. ಪ್ರಧಾನಿ ದಾವಿದ್ ಓಡ್ಸನ್ ಮತ್ತು ವಿದೇಶಾಂಗ ಮಂತ್ರಿ ಹಾಲ್ದೋರ್ ಆಸ್‌ಗ್ರಿಮ್‌ಸನ್ ಇಬ್ಬರೇ ಕೂತು ತೆಗೆದುಕೊಂಡ ತೀರ್ಮಾನ ಅದು. ಸೈನ್ಯವೇ ಇಲ್ಲದ ದೇಶ, ಸಂಸತ್ತನ್ನು ಕೇಳದೆ, ದೂರದ ಯುದ್ಧಕ್ಕೆ ಹೆಸರು ಕೊಟ್ಟಿತು. ಹಳೆಯ ತಲೆಮಾರು ಷರತ್ತು ಹಾಕಿ ಪಡೆದದ್ದನ್ನು ಈ ತಲೆಮಾರು ನಿಷ್ಠೆ ತೋರಿಸಿ ಉಳಿಸಿಕೊಳ್ಳಲು ನೋಡಿತು. ಅದು ದೊಡ್ಡ ತಪ್ಪು.

2006ರ ಮಾರ್ಚ್ 15ರಂದು ಅಮೆರಿಕದ ಅಧೀನ ಕಾರ್ಯದರ್ಶಿ ನಿಕೊಲಸ್ ಬರ್ನ್ಸ್ ವಿದೇಶಾಂಗ ಮಂತ್ರಿ ಗೈರ್ ಹಾರ್ಡೆ ಅವರಿಗೆ ಫೋನ್ ಮಾಡಿದರು. ಸೆಪ್ಟೆಂಬರ್ ಕೊನೆಯೊಳಗೆ ವಿಮಾನಗಳೂ ಹೆಲಿಕಾಪ್ಟರ್‌ಗಳೂ ಹೋಗುತ್ತವೆ ಎಂದು ತಿಳಿಸಿದರು. 55 ವರ್ಷದ ನೆಲೆ ಆರು ತಿಂಗಳಲ್ಲಿ ಮುಚ್ಚಿತು. ನೂರಾರು ಸ್ಥಳೀಯರ ಕೆಲಸ ಹೋಯಿತು. ಖಾಲಿಯಾದ ಸೈನಿಕರ ವಸತಿಯಲ್ಲಿ ಈಗ ವಿದ್ಯಾರ್ಥಿಗಳ ಮನೆಗಳು, ಶಾಲೆ, ಸಣ್ಣ ಕಂಪನಿಗಳಿವೆ. ಆ ಬಡಾವಣೆಯ ಹೆಸರು ಆಸ್‌ಬ್ರೂ.

ಎರಡು ವರ್ಷಕ್ಕೆ ಇನ್ನೊಂದು ಪೆಟ್ಟು. 2008ರ ಸೆಪ್ಟೆಂಬರ್ 24ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಿಗೆ ಡಾಲರ್ ಪೂರೈಸುವ ವ್ಯವಸ್ಥೆ ಪ್ರಕಟಿಸಿತು. ಐಸ್‌ಲ್ಯಾಂಡ್ ಕೂಡ ಕೇಳಿತ್ತು. ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಅದರ ಬ್ಯಾಂಕುಗಳು ದೇಶದ ಗಾತ್ರ ಮೀರಿ ಊದಿಕೊಂಡಿದ್ದವು, ಅಮೆರಿಕದ ಹಿಂಜರಿಕೆಗೆ ಹಣಕಾಸಿನ ಕಾರಣಗಳಿದ್ದವು ಎಂಬುದು ಸರಿ. ಆದರೆ ಕೆಫ್ಲಾವಿಕ್‌ನಲ್ಲಿ ಜಲಾಂತರ್ಗಾಮಿ ಬೇಟೆಗಾರ ವಿಮಾನಗಳು ಇನ್ನೂ ನಿಂತಿದ್ದರೆ ಉತ್ತರ ಇದೇ ಆಗಿರುತ್ತಿತ್ತೇ ಎಂದು ಐಸ್‌ಲ್ಯಾಂಡಿಗರು ಕೇಳಿಕೊಂಡಿದ್ದರಲ್ಲಿ ತಪ್ಪಿಲ್ಲ. ಅಕ್ಟೋಬರ್‌ನ ಒಂದೇ ವಾರದಲ್ಲಿ ಮೂರು ದೊಡ್ಡ ಬ್ಯಾಂಕುಗಳು ಕುಸಿದವು. ಬ್ರಿಟನ್ ಭಯೋತ್ಪಾದನೆ ತಡೆ ಕಾಯ್ದೆಯನ್ನೇ ಬಳಸಿ ಲಾಂಡ್ಸ್‌ಬ್ಯಾಂಕಿಯ ಆಸ್ತಿ ಮುಟ್ಟುಗೋಲು ಹಾಕಿತು; ಮೀನುಗಾರರ ದೇಶಕ್ಕೆ ಅದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ. ರಷ್ಯಾದಿಂದ 400 ಕೋಟಿ ಯೂರೊ ಸಾಲ ಬರಲಿದೆ ಎಂದು ಐಸ್‌ಲ್ಯಾಂಡಿನ ಕೇಂದ್ರ ಬ್ಯಾಂಕ್ ಪ್ರಕಟಿಸಿತು, ಅದು ಬರಲಿಲ್ಲ. ಆ ದಿನಗಳಲ್ಲಿ ಷರತ್ತಿಲ್ಲದೆ ಕೈ ಚಾಚಿದ್ದು ಆಗ ಐವತ್ತು ಸಾವಿರ ಜನರೂ ಇಲ್ಲದಿದ್ದ ಫಾರೋ ದ್ವೀಪಗಳು: 30 ಕೋಟಿ ಡ್ಯಾನಿಶ್ ಕ್ರೋನರ್ ಸಾಲ.

ಅಲ್ಲಿಂದಾಚೆಗೆ ಐಸ್‌ಲ್ಯಾಂಡ್ ಬೇರೆ ಬಾಗಿಲುಗಳನ್ನೂ ತಟ್ಟಿತು. 2013ರಲ್ಲಿ ಚೀನಾದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡ ಮೊದಲ ಯುರೋಪಿಯನ್ ದೇಶ ಅದು. ಹಾಗೆಂದು ಕಣ್ಣು ಮುಚ್ಚಿ ಹೋಗಲಿಲ್ಲ. 2011ರಲ್ಲಿ ಚೀನಾದ ಉದ್ಯಮಿಯೊಬ್ಬರು ಈಶಾನ್ಯ ಐಸ್‌ಲ್ಯಾಂಡಿನಲ್ಲಿ 300 ಚದರ ಕಿಲೊಮೀಟರ್ ಜಮೀನು ಕೊಳ್ಳಲು ಬಂದಾಗ ಸರ್ಕಾರ ಅನುಮತಿ ಕೊಡಲಿಲ್ಲ. ಭಾರತದ ಜತೆಗೂ ನಂಟು ಬೆಳೆಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ 2005ರಲ್ಲಿ ಅಲ್ಲಿಗೆ ಹೋಗಿಬಂದರು, ಕೆಫ್ಲಾವಿಕ್ ನೆಲೆ ಮುಚ್ಚಿದ ವರ್ಷವೇ ದೆಹಲಿಯಲ್ಲಿ ಐಸ್‌ಲ್ಯಾಂಡಿನ ರಾಯಭಾರ ಕಚೇರಿ ತೆರೆಯಿತು, 2024ರಲ್ಲಿ ಭಾರತ ಸಹಿ ಹಾಕಿದ ನಾಲ್ಕು ಯುರೋಪಿಯನ್ ದೇಶಗಳೊಂದಿಗಿನ ವ್ಯಾಪಾರ ಒಪ್ಪಂದದಲ್ಲಿ ಐಸ್‌ಲ್ಯಾಂಡೂ ಒಂದು.

2014ರಲ್ಲಿ ರಷ್ಯಾ ಕ್ರಿಮಿಯಾ ಕಿತ್ತುಕೊಂಡ ಮೇಲೆ ಅಮೆರಿಕಕ್ಕೆ ಆ ನೀರಿನ ದಾರಿ ಮತ್ತೆ ನೆನಪಾಯಿತು. ಹೊಸ ಕಾಲದ ಜಲಾಂತರ್ಗಾಮಿ ಶೋಧಕ ವಿಮಾನಗಳಿಗಾಗಿ ಕೆಫ್ಲಾವಿಕ್‌ನ ಹಳೆಯ ಹ್ಯಾಂಗರ್ ದುರಸ್ತಿಯಾಯಿತು. 2021 ಮತ್ತು 2023ರಲ್ಲಿ ಬಿ-2 ಬಾಂಬರ್‌ಗಳು ಬಂದು ತಂಗಿದವು. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಪರಮಾಣು ಚಾಲಿತ ಜಲಾಂತರ್ಗಾಮಿಯೊಂದು ಸಿಬ್ಬಂದಿ ಬದಲಾವಣೆಗೆಂದು ಮೊದಲ ಬಾರಿ ಐಸ್‌ಲ್ಯಾಂಡಿನ ಕಡಲಿಗೆ ಬಂತು. ಇಲ್ಲೂ ಒಂದು ಷರತ್ತು: ಪರಮಾಣು ಅಸ್ತ್ರ ಇರಕೂಡದು. ಕಾಯಂ ನೆಲೆ ಮಾತ್ರ ಮರಳಿಲ್ಲ. ಪಡೆಗಳು ಸರದಿಯ ಮೇಲೆ ಬಂದು ಹೋಗುತ್ತವೆ.

1951ರ ಒಪ್ಪಂದ ಇಂದಿಗೂ ಜಾರಿಯಲ್ಲಿದೆ. 2006ರಲ್ಲಿ ಅಮೆರಿಕ ಸೈನ್ಯ ಕರೆಸಿಕೊಂಡಿತೇ ಹೊರತು ಒಪ್ಪಂದ ರದ್ದು ಮಾಡಲಿಲ್ಲ. ಗ್ರೀನ್‌ಲ್ಯಾಂಡ್ ತನಗೆ ಬೇಕೆಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರಲ್ಲಿ ಮತ್ತೆ ಮತ್ತೆ ಹೇಳಿದಾಗ ಐಸ್‌ಲ್ಯಾಂಡ್ ಬೆಚ್ಚಿದ್ದು ಅದಕ್ಕೇ. ಗ್ರೀನ್‌ಲ್ಯಾಂಡಿನ ರಕ್ಷಣಾ ಒಪ್ಪಂದದ ವರ್ಷವೂ 1951. ಗ್ರೀನ್‌ಲ್ಯಾಂಡ್ ಸೇರಿರುವ ಡೆನ್ಮಾರ್ಕ್ ಕೂಡ ನ್ಯಾಟೊದ ಸ್ಥಾಪಕ ಸದಸ್ಯ, ಅದಕ್ಕೆ ಸೈನ್ಯವೂ ಇದೆ. ಅಂಥ ಮಿತ್ರನ ನೆಲವನ್ನೇ ಕೇಳಬಹುದಾದರೆ ಸೈನ್ಯವಿಲ್ಲದ ಮಿತ್ರನಿಗೆ ಕೊಟ್ಟ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಈಗ ಬೀದಿಯ ಕೆಲವರದ್ದಲ್ಲ, ಮುಖ್ಯವಾಹಿನಿಯ ಪಕ್ಷಗಳದ್ದೇ ಆಗಿದೆ.

2024ರ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ಕ್ರಿಸ್ಟ್ರೂನ್ ಫ್ರೊಸ್ಟಾದೊಟ್ಟಿರ್ ಅವರ ಸಮ್ಮಿಶ್ರ ಸರ್ಕಾರ, ಯುರೋಪಿಯನ್ ಒಕ್ಕೂಟ ಸೇರುವ ಮಾತುಕತೆ ಮತ್ತೆ ಆರಂಭಿಸಬೇಕೇ ಎಂದು 2027ರೊಳಗೆ ಜನಮತ ಕೇಳುವುದಾಗಿ ತನ್ನ ಕಾರ್ಯಸೂಚಿಯಲ್ಲಿ ಬರೆದುಕೊಂಡಿತು. 2009ರಲ್ಲಿ ಬ್ಯಾಂಕ್ ಕುಸಿತದ ಬಿಸಿಯಲ್ಲಿ ಅರ್ಜಿ ಹಾಕಿದ್ದ ದೇಶ 2013ರಲ್ಲಿ ಮಾತುಕತೆ ನಿಲ್ಲಿಸಿತ್ತು. ಅಷ್ಟರಲ್ಲಿ ಬಹಳಷ್ಟು ಅಧ್ಯಾಯಗಳ ಚರ್ಚೆ ಆಗಿತ್ತು, ಮೀನುಗಾರಿಕೆಯ ಅಧ್ಯಾಯ ಮಾತ್ರ ತೆರೆದೇ ಇರಲಿಲ್ಲ. ಈ ಸಲ ಬ್ರಸೆಲ್ಸ್‌ಗೆ ಹೋಗುವವರು ಅದನ್ನು ಕೊನೆಗೆ ಇಟ್ಟುಕೊಳ್ಳುವಂತಿಲ್ಲ. 200 ಮೈಲಿಯೊಳಗಿನ ಮೀನು ಹಿಡಿಯುವ ಹಕ್ಕು ಯಾರಿಗೆ, ಎಷ್ಟು ಎಂದು ಮೊದಲೇ ಬರೆಸಿಕೊಳ್ಳದೆ ಯಾವ ಸರ್ಕಾರವೂ ಆ ಕಾಗದವನ್ನು ಆಲ್ಥಿಂಗ್ ಮುಂದೆ ತರಲಾರದು.